ಅರ್ಧ ವೇಗದ ಫ್ಯಾನುಗಳು

ನಮ್ಮ ಕಾಲೇಜಿನ ಗೇಟಿನ ಪಕ್ಕ ಒಂದು ಬೋರ್ಡಿದೆ. ಆ ಗಳಿಗೆಗೆ ಎಷ್ಟು ಕರೆಂಟು ಖರ್ಚಾಗುತ್ತಿದೆ ಎಂಬ ಅಂಕಿ ಅದರಲ್ಲಿ ಬರುತ್ತದೆ. ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ನಮ್ಮ ಹಸಿರು ಯೋಜನೆಗೆ ಹಣ ಕೊಡುವ ಸಂಸ್ಥೆಯವರು ಅದೇ ಅಂಕಿಯನ್ನು ತಮ್ಮ ಊರಿನಲ್ಲಿ ಕೂತು ನೋಡುತ್ತಿರುತ್ತಾರೆ. ಕೆಂಪಾದರೆ ಫೋನು ಬರುತ್ತದೆ. ಬೈಯುವುದಿಲ್ಲ, ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ, ಅಷ್ಟೆ. ಯೋಜನೆಯನ್ನು ನೋಡಿಕೊಳ್ಳುವ ನಾನು ಆ ಮಾತು ಕೇಳಿದೊಡನೆ ಯಾವ ಸ್ವಿಚ್ಚು ಆರಿಸಲಿ ಎಂದು ಹುಡುಕುತ್ತಾ ಓಡುತ್ತೇನೆ.

ಅವರು ಭೇಟಿಗೆ ಬರುವ ವಾರ ಪ್ರಿನ್ಸಿಪಾಲರು ಕೆಮಿಸ್ಟ್ರಿ ಲ್ಯಾಬಿನ ಹೊಗೆ ಎಳೆಯುವ ಫ್ಯಾನುಗಳನ್ನು ಅರ್ಧ ವೇಗಕ್ಕೆ ಇಳಿಸಲು ಹೇಳಿದರು. ಇಡೀ ಕಾಲೇಜಿನಲ್ಲಿ ಅತಿ ಹೆಚ್ಚು ಕರೆಂಟು ತಿನ್ನುವುದು ಅವೇ. ಆ ಲ್ಯಾಬಿನಲ್ಲಿ ಸಹಾಯಕಿಯಾಗಿರುವುದು ನನ್ನ ತಂಗಿ. ಮಾರನೆಯ ದಿನಕ್ಕೇ ಅವಳ ಗಂಟಲು ಕಟ್ಟಿತು, ಕಣ್ಣು ಕೆಂಪಾಯಿತು.

"ನಿನ್ನ ಬೋರ್ಡಿಗೆ ಮೂಗಿಲ್ಲ ಕಣೇ ಅಕ್ಕ, ನನಗಿದೆ," ಎಂದು ನಕ್ಕಳು. ನಗು ಮುಗಿಯುವ ಮೊದಲೇ ಕೆಮ್ಮು ಬಂತು.

ಪ್ರಿನ್ಸಿಪಾಲರಿಗೆ ಹೇಳಿ ನೋಡಿದೆ. ಒಂದು ವಾರ ಹಲ್ಲುಕಚ್ಚಿಕೊಂಡು ಇರಲಿ ಎಂದರು.

ಸಂಸ್ಥೆಯಿಂದ ಬಂದದ್ದು ಮೆಲುಮಾತಿನ ಹಿರಿಯ ಹೆಂಗಸು. ಹಸಿರು ಅಂಕಿ ನೋಡಿ ಅವರ ಮುಖ ಅರಳಿತು. ಅಷ್ಟು ಉಳಿತಾಯ ಎಲ್ಲಿಂದಾಯಿತು ಎಂದು ಕೇಳುತ್ತಾ ಲ್ಯಾಬಿನ ಬಾಗಿಲಿನ ತನಕ ಬಂದರು. ಈ ಒಂದು ವಾರ ಇಲ್ಲಿನ ಫ್ಯಾನುಗಳನ್ನು ಅರ್ಧ ವೇಗಕ್ಕೆ ಇಳಿಸಿದ್ದೇವೆ ಎಂದರು ಪ್ರಿನ್ಸಿಪಾಲರು. ಗಾಜಿನಾಚೆ ತಂಗಿ ಒಂದು ಕೈಯಲ್ಲಿ ಆಸಿಡ್ ಬಗ್ಗಿಸುತ್ತಾ ಇನ್ನೊಂದು ತೋಳನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಒಂದು ವಾರ ಆಗೋದು ವರ್ಷವಿಡೀ ಯಾಕಾಗಬಾರದು?" ಎಂದರು ಆಕೆ.

ಪ್ರಿನ್ಸಿಪಾಲರು ನನ್ನತ್ತ ತಿರುಗಿ ಮುಗುಳ್ನಕ್ಕರು. ಹೂಂ ಅಂದರೆ ಮುಗಿಯುತ್ತಿತ್ತು. ತಂಗಿಯ ಕಥೆಯೂ ಮುಗಿಯುತ್ತಿತ್ತು. ಫ್ಯಾನು ನಿಧಾನವಾದರೆ ಆಸಿಡ್ಡಿನ ಹೊಗೆ ಒಳಗೇ ನಿಲ್ಲುತ್ತದೆ, ಒಳಗಿರುವವರು ಅದನ್ನೇ ಉಸಿರಾಡಬೇಕು ಎಂದು ಒಂದೊಂದೇ ಪದ ನೋಡಿಕೊಂಡು ಹೇಳಿದೆ. ಹೇಳಿದ ಮೇಲೆ ಕೈ ಸುಮ್ಮನಿರಲಿಲ್ಲ. ಗೋಡೆಯ ಮೇಲಿನ ಫ್ಯಾನಿನ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಫ್ಯಾನುಗಳು ಗುಂಯ್ ಎಂದವು. ಆಕೆಯ ಬ್ಯಾಗಿನೊಳಗೆ ಫೋನು ನಡುಗಿತು. ತೆಗೆದು, ಕೆಂಪಾದ ಅಂಕಿಯನ್ನು ನೋಡಿ, ಮತ್ತೆ ಒಳಗಿಟ್ಟರು.

ಸಿಟ್ಟಾಗಲಿಲ್ಲ. ನನ್ನ ಭುಜ ತಟ್ಟಿ, ನಿಜ ಹೇಳಿದ್ದು ಒಳ್ಳೆಯದಾಯಿತು ಎಂದರು. ಆಮೇಲೆ ಪ್ರಿನ್ಸಿಪಾಲರನ್ನು ಕೇಳಿದರು: "ಈ ಲ್ಯಾಬೇ ಇಲ್ಲದಿದ್ದರೆ ಅಂಕಿ ಎಷ್ಟಕ್ಕೆ ಇಳಿಯುತ್ತೆ?"

ಪ್ರಿನ್ಸಿಪಾಲರು ಲೆಕ್ಕ ಹಾಕಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಬ್ಬರೂ ಲ್ಯಾಬಿಲ್ಲದ ಮುಂದಿನ ವರ್ಷದ ಮಾತಾಡುತ್ತಾ ಮೆಟ್ಟಿಲಿಳಿದರು.

ತಂಗಿ ಬಾಗಿಲು ತೆರೆದು ಎದೆ ತುಂಬ ಉಸಿರೆಳೆದುಕೊಂಡಳು.

"ಅಬ್ಬಾ, ಈಗ ಜೀವ ಬಂತು. ಅದೇನು ಮೋಡಿ ಮಾಡಿದೆ ಅಕ್ಕ? ಒಪ್ಪಿಬಿಟ್ಟರಾ?"

ಒಪ್ಪಿದರು ಎಂದೆ.

ಅವಳು ಸಿಳ್ಳೆ ಹಾಕುತ್ತಾ ಒಳಗೆ ಹೋಗಿ, ಮುಂದಿನ ತಿಂಗಳ ಪ್ರಯೋಗಗಳಿಗೆ ಬಾಟಲಿಗಳನ್ನು ಜೋಡಿಸತೊಡಗಿದಳು.