ಯಜಮಾನರ ಆಕಳಿಕೆ

ಹಲ್ಲಿನ ಡಾಕ್ಟರು "ಆ ಅನ್ನಿ" ಎಂದರೆ ಸಾಕು, ಎಂಥ ದೊಡ್ಡ ಮನುಷ್ಯರೂ ಬಾಯಿ ತೆರೆಯುತ್ತಿದ್ದರು. ಅವರಿಗೆ ಕವಡೆ ಕಿಮ್ಮತ್ತೂ ಕೊಡದೆ ತುಟಿ ಬಿಗಿದು ಕುಳಿತ ಪ್ರಾಣಿ ಜಗತ್ತಿನಲ್ಲಿ ಒಂದೇ ಒಂದು. ಅದು ಸಮುದ್ರದ ತಳದಲ್ಲಿ, ಯಾರೋ ಎಸೆದು ಹೋದ ಹಳೆಯ ವಾಷಿಂಗ್ ಮಷಿನ್ನಿನ ಮೇಲೆ ಬಿಡಾರ ಹೂಡಿದ್ದ ಒಂದು ಕಪ್ಪೆಮೀನು.

ನೋಡುವುದಕ್ಕೆ ಅದು ಮೀನಿನಂತಿರಲಿಲ್ಲ. ಪಾತ್ರೆ ತೊಳೆದು ತೊಳೆದು ಸವೆದ ಹಳದಿ ಸ್ಪಂಜಿಗೆ ಎರಡು ಕಣ್ಣು ಅಂಟಿಸಿದಂತಿತ್ತು. ಈಜುವುದು ಅದಕ್ಕೆ ಆಗಿಬರದ ಕೆಲಸ. ತೀರಾ ಅನಿವಾರ್ಯವಾದರೆ ರೆಕ್ಕೆಗಳನ್ನೇ ಪಾದದಂತೆ ಊರಿ ನಾಲ್ಕು ಹೆಜ್ಜೆ ನಡೆಯುತ್ತಿತ್ತು. ಇಡೀ ದಿನ ಮುಖ ಗಂಟಿಕ್ಕಿಕೊಂಡು, ಏನೂ ಮಾಡದೆ, ಬಂದವರನ್ನೆಲ್ಲ ತಪ್ಪು ಹುಡುಕುವ ಕಣ್ಣಿನಿಂದ ನೋಡುತ್ತ ಕೂರುತ್ತಿದ್ದ ಅದಕ್ಕೆ ಅಲ್ಲಿ ಡೈವಿಂಗ್‌ಗೆ ಇಳಿಯುವವರೆಲ್ಲ "ಯಜಮಾನರು" ಎಂದು ಹೆಸರಿಟ್ಟಿದ್ದರು. ಈ ಯಜಮಾನರು ಯಾವಾಗಲೋ ಒಮ್ಮೆ ಆಕಳಿಸುತ್ತಿದ್ದರಂತೆ. ಆಗ ಮೈಯಷ್ಟೇ ದೊಡ್ಡದಾಗಿ ಬಾಯಿ ತೆರೆಯುತ್ತಿತ್ತಂತೆ. ನೋಡಿದವರಿದ್ದರು. ಫೋಟೋ ತೆಗೆದವರು ಇರಲಿಲ್ಲ.

ಆ ಫೋಟೋ ತಮ್ಮದೇ ಆಗಬೇಕೆಂದು ಡಾಕ್ಟರು ಹಟ ಹಿಡಿದಿದ್ದರು. ಹಾಗೆಂದು ಅದು ಗುಟ್ಟಿನ ಜಾಗವೇನೂ ಆಗಿರಲಿಲ್ಲ. ರಸ್ತೆ ಪಕ್ಕ ಕಾರು ನಿಲ್ಲಿಸಿ, ಕಬ್ಬಿಣದ ಕಂಬಿ ಹಿಡಿದು ಸಿಮೆಂಟಿನ ಮೆಟ್ಟಿಲು ಇಳಿದರೆ ನೇರ ಸಮುದ್ರಕ್ಕೇ. ಅಲೆ ಕಡಿಮೆ, ಆಳವೂ ಕಡಿಮೆ. ಹಾಗಾಗಿ ಭಾನುವಾರ ಅಲ್ಲಿ ಜನವೋ ಜನ. ಕಾರಿಗೆ ಒರಗಿ ಒಂಟಿ ಕಾಲಲ್ಲಿ ಕುಣಿಯುತ್ತ ಕತ್ತಿನಿಂದ ಕಾಲಿನವರೆಗಿನ ರಬ್ಬರಿನ ಅಂಗಿಯೊಳಗೆ ಮೈ ತುರುಕುವವರು, ಬೆನ್ನಿನ ಜಿಪ್ ಎಳೆಯಲು ಗುರುತಿಲ್ಲದವರನ್ನು ಬೇಡುವವರು, ಗಾಳಿಯ ಸಿಲಿಂಡರು ಹೊತ್ತು ಮೆಟ್ಟಿಲು ಹತ್ತುವಾಗ "ಇನ್ಮೇಲೆ ಬರಲ್ಲಪ್ಪಾ" ಎಂದು ಆಣೆ ಹಾಕಿ ಮುಂದಿನ ವಾರವೂ ತಪ್ಪದೆ ಬರುವವರು. ನೀರಿನಡಿಯಲ್ಲೂ ನೂಕುನುಗ್ಗಲು ತಪ್ಪುತ್ತಿರಲಿಲ್ಲ. ಯಜಮಾನರ ಮುಂದೆ ಕ್ಯಾಮೆರಾ ಹಿಡಿದವರು ಸಾಲುಗಟ್ಟಿ ತೇಲುತ್ತಿದ್ದರು.

ಡಾಕ್ಟರ ಜೊತೆ ಸದಾ ಇಳಿಯುತ್ತಿದ್ದವಳು ಅವರ ಹೆಂಡತಿ. ಆಕೆಗೆ ಕಿವಿಯ ಆಪರೇಷನ್ ಆಗಿ, ಸದ್ಯಕ್ಕೆ ನೀರಿನ ಕಡೆ ತಲೆ ಹಾಕಿ ಮಲಗಲೂಬೇಡಿ ಎಂದು ಕಿವಿಯ ವೈದ್ಯರು ಹೇಳಿಬಿಟ್ಟರು. ಒಬ್ಬರೇ ಇಳಿಯುವಂತಿಲ್ಲ. ಮೆಟ್ಟಿಲ ಎದುರಿನ ಡೈವಿಂಗ್ ಅಂಗಡಿಯ ಮಾಲೀಕ ಆ ವಿಷಯದಲ್ಲಿ ಜಪ್ಪಯ್ಯ ಅಂದರೂ ಬಗ್ಗುವವನಲ್ಲ. ಕಡ್ಡಿಯಂತಿದ್ದ ಅವನನ್ನು ಎಲ್ಲರೂ "ತಿಮಿಂಗಿಲ" ಎಂದೇ ಕರೆಯುತ್ತಿದ್ದರು.

"ಜೋಡಿ ಇಲ್ದೆ ಸಿಲಿಂಡರ್ ಕೊಡಲ್ಲ ಡಾಕ್ಟ್ರೇ," ಎಂದ ತಿಮಿಂಗಿಲ. "ಯಾರನ್ನಾದ್ರೂ ಕರ್ಕೊಂಡ್ ಬನ್ನಿ."

ಮನೆಗೆ ಬಂದು ಡಾಕ್ಟರು ಹೆಂಡತಿಯ ಮುಂದೆ ಗೋಳು ತೋಡಿಕೊಂಡರು.

"ಅದಕ್ಕೇನಂತೆ? ಅಮ್ಮ ಇದಾಳಲ್ಲ," ಎಂದಳು ಹೆಂಡತಿ.

ಡಾಕ್ಟರ ಜೀವ ಬಾಯಿಗೆ ಬಂತು. ಅತ್ತೆ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿ ನಿವೃತ್ತಿಯಾದವರು. ನೌಕರಿ ಬಿಟ್ಟಿದ್ದರು, ದನಿ ಬಿಟ್ಟಿರಲಿಲ್ಲ. ಊಟಕ್ಕೆ ಕರೆದರೆ ಮೂರು ಮನೆಯವರು ಕೈ ತೊಳೆಯುತ್ತಿದ್ದರು. ಮಂಡಿ ನೋವಿಗೆ ನೀರು ಒಳ್ಳೆಯದೆಂದು ಯಾರೋ ಹೇಳಿದ್ದೇ ನೆಪವಾಗಿ ಈಜು ಕಲಿತು, ಈಜು ಬೇಸರವಾಗಿ ಡೈವಿಂಗ್ ಕಲಿತು, ಪರೀಕ್ಷೆಯಲ್ಲಿ ತಮ್ಮ ತಂಡಕ್ಕೇ ಮೊದಲು ಬಂದಿದ್ದರು. ಜೋಡಿಯಾಗಲು ಯಾರೂ ಒಪ್ಪದೆ ಸುಮ್ಮನಿದ್ದರು, ಅಷ್ಟೇ.

"ಅತ್ತೆಗೆ ಯಾಕೆ ತೊಂದ್ರೆ..." ಎಂದು ಡಾಕ್ಟರು ರಾಗ ಎಳೆಯುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ತೊಂದ್ರೆ ಏನೂ ಇಲ್ಲ ಅಳಿಯಂದ್ರೇ! ನನ್ ಚೀಲ ರೆಡಿ ಇದೆ!"

ರಾತ್ರಿ ಮಲಗುವ ಮುನ್ನ ಡಾಕ್ಟರಿಗೆ ಒಂದು ಸಮಾಧಾನ ಹೊಳೆಯಿತು. ನೀರಿನೊಳಗೆ ಬಾಯಿಗೆ ಕೊಳವೆ ಕಚ್ಚಿಕೊಂಡಿರುತ್ತಾರೆ. ಮಾತಾಡುವ ಪ್ರಶ್ನೆಯೇ ಇಲ್ಲ. ಅಂದರೆ ಅತ್ತೆಯ ಜೊತೆ ಇದ್ದೂ ನೆಮ್ಮದಿಯಾಗಿರಬಹುದಾದ ಏಕೈಕ ಜಾಗ ಸಮುದ್ರದ ತಳ. ಆ ಯೋಚನೆಯಲ್ಲಿ ಅವರಿಗೆ ಸೊಗಸಾದ ನಿದ್ದೆ ಬಂತು.

ಮೊದಲ ಭಾನುವಾರ ಎಲ್ಲವೂ ಸುಸೂತ್ರವಾಗಿಯೇ ಸಾಗಿತ್ತು. ಯಜಮಾನರ ಮುಂದೆ ತಮ್ಮ ಸರದಿ ಬಂದಾಗ ಡಾಕ್ಟರು ನಾಲ್ಕಾರು ಫೋಟೋ ಹೊಡೆದು, ಒಂದು ಚೆನ್ನಾಗಿ ಬಂದ ಖುಷಿಗೆ ಅತ್ತೆಯ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಅತ್ತೆ ತಲೆಯಾಡಿಸಿದವರೇ ನೇರವಾಗಿ ಮೇಲಕ್ಕೆ ಹೊರಟರು. ಗಾಬರಿಯಾಗಿ ಡಾಕ್ಟರೂ ಹಿಂದೆಯೇ ಏರಿದರು.

"ಏನಾಯ್ತು ಅತ್ತೆ? ಗಾಳಿ ಮುಗೀತಾ?"

"ನನಗೇನಾಗಿದೆ? ನೀವೇ ಅಲ್ವಾ ಬೆರಳು ಎತ್ತಿದ್ದು? ಹೆಬ್ಬೆರಳು ಎತ್ತಿದ್ರೆ ಮೇಲೆ ಹೋಗೋಣ ಅಂತ. ಪುಸ್ತಕದಲ್ಲಿದೆ."

"ನಾನು ಚೆನ್ನಾಗಿದೆ ಅಂತ..."

"ಚೆನ್ನಾಗಿದ್ರೆ ಬೆರಳು ದುಂಡಗೆ ಮಾಡಿ. ಸ್ಟೇಷನ್ನಲ್ಲಿ ಕೆಂಪು ಬಾವುಟ ತೋರ್ಸಿ, ಬಣ್ಣ ಚೆನ್ನಾಗಿದೆ ಅಂತ ತೋರಿಸ್ದೆ ಅಂದ್ರೆ ರೈಲು ಕೇಳುತ್ತಾ?"

ಈ ಮಾತು ದಡದಲ್ಲಿ ಟವೆಲ್ಲು ಹಿಂಡುತ್ತಿದ್ದವರಿಗೆಲ್ಲ ಕೇಳಿಸಿತು. ಮತ್ತೆ ಇಳಿದು ನೋಡಿದರೆ ಸಾಲು ಹನುಮಂತನ ಬಾಲವಾಗಿತ್ತು. ಅವರ ಜಾಗದಲ್ಲಿ ಫ್ಲ್ಯಾಶಪ್ಪ ಬೀಡುಬಿಟ್ಟಿದ್ದ.

ಫ್ಲ್ಯಾಶಪ್ಪ ಮನೆಗಳ ನಕ್ಷೆ ಬರೆಯುವ ಇಂಜಿನಿಯರು. ಅವನ ಕ್ಯಾಮೆರಾ ಪ್ರೆಷರ್ ಕುಕ್ಕರಿನಷ್ಟು ದಪ್ಪ. ಅದರ ಎರಡೂ ಕಡೆ ಏಡಿಯ ಕೊಂಬಿನಂತೆ ದೀಪಗಳು. ಯಜಮಾನರ ಆಕಳಿಕೆಯ ಮೇಲೆ ಅವನಿಗೂ ಕಣ್ಣಿತ್ತು. ಡಾಕ್ಟರೂ ಅವನೂ ಮೇಲೆ ಸಿಕ್ಕಾಗ "ಚೆನ್ನಾಗಿದೀರಾ?" ಎಂದು ಹಲ್ಲು ಕಿರಿಯುತ್ತಿದ್ದರು, ಕೆಳಗೆ ಮೊಣಕೈಯಿಂದ ತಳ್ಳುತ್ತಿದ್ದರು.

ಮುಂದಿನ ಭಾನುವಾರ ಅತ್ತೆ ತಿಮಿಂಗಿಲನ ಅಂಗಡಿಯಿಂದ ಹೊರಬಂದಾಗ ಅವರ ಸೊಂಟದಲ್ಲಿ ಬಿಳಿಯ ಪ್ಲಾಸ್ಟಿಕ್ ಸ್ಲೇಟೊಂದು ತೂಗಾಡುತ್ತಿತ್ತು. ಅದಕ್ಕೆ ದಾರ ಕಟ್ಟಿದ ದಪ್ಪ ಪೆನ್ಸಿಲ್.

"ಇದೇನತ್ತೆ?" ಎಂದರು ಡಾಕ್ಟರು.

"ನೀರಿನೊಳಗೂ ಬರೀಬಹುದಂತೆ. ಇಂಥದ್ದೊಂದು ಇದೆ ಅಂತ ನನಗೆ ಇಷ್ಟು ದಿನ ಯಾರೂ ಹೇಳೇ ಇಲ್ವಲ್ಲ!"

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ತಿಮಿಂಗಿಲ ಮೆಲ್ಲಗೆ ಒಳಗೆ ಸರಿದುಕೊಂಡ.

ಅಂದಿನಿಂದ ಡಾಕ್ಟರ ನೆಮ್ಮದಿಗೆ ಕಲ್ಲು ಬಿತ್ತು. "ಅಳಿಯಂದ್ರೇ, ಬಲಗಡೆ ಏಡಿ." "ಕಾಲು ಮೇಲೆತ್ತಿ, ಮಣ್ಣು ಎದ್ದಿದೆ." "ಗಾಳಿ ಎಷ್ಟಿದೆ ನೋಡ್ಕೊಳ್ಳಿ." "ಹಿಂದಿನವರು ಕಾಯ್ತಿದಾರೆ." ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದನ್ನು ಅಳಿಸಿ ಇನ್ನೊಂದು. ಓದದೆ ಮುಖ ತಿರುಗಿಸಿದರೆ ಸ್ಲೇಟು ಅವರ ಗಾಜಿನ ಮುಖವಾಡಕ್ಕೇ ಬಂದು ತಾಗುತ್ತಿತ್ತು. ಅತ್ತೆಯ ಅಕ್ಷರವೂ ಅವರ ದನಿಯಂತೆಯೇ ದೊಡ್ಡದು, ಗುಂಡಗೆ, ದೂರದವರಿಗೂ ತಲುಪುವಂಥದ್ದು. ಸಾಲಿನಲ್ಲಿ ಕಾಯುತ್ತಿದ್ದವರಿಗೆ ಒಳ್ಳೆ ಮನರಂಜನೆ. ನಗುವವರ ಬಾಯಿಂದ ಗುಳ್ಳೆಗಳು ಬುಳುಬುಳು ಏಳುತ್ತಿದ್ದವು.

ಅಂಗಡಿಯ ವಾರ್ಷಿಕ ಫೋಟೋ ಸ್ಪರ್ಧೆ ಹತ್ತಿರವಾಗಿತ್ತು. ಅದಕ್ಕೆ ಮುಂಚಿನ ಭಾನುವಾರ ಮೋಡ ಮುಸುಕಿ ಜನ ಕಡಿಮೆಯಿದ್ದರು. ಡಾಕ್ಟರು ಮರಳಿನ ಮೇಲೆ ಬೋರಲಾಗಿ ಮಲಗಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಯಜಮಾನರನ್ನೇ ಕಾದರು. ಅತ್ತೆ ವಾಷಿಂಗ್ ಮಷಿನ್ನಿನ ಆಚೆ ಬದಿಯಲ್ಲಿ ಮಂಡಿಯೂರಿ ಕುಳಿತರು. ಯಜಮಾನರು ಜಗ್ಗಲಿಲ್ಲ. ಚಳಿಗೆ ಡಾಕ್ಟರ ದವಡೆ ಕಟಕಟ ಅನ್ನತೊಡಗಿತು. ಅತ್ತೆ ಏನೋ ಬರೆದರು, ತೋರಿಸಿದರು. ಡಾಕ್ಟರು ನೋಡಲಿಲ್ಲ. ಅತ್ತೆ ಅಳಿಸಿ ಇನ್ನೂ ದೊಡ್ಡದಾಗಿ ಬರೆದು, ಎರಡೂ ಕೈಯಲ್ಲಿ ಸ್ಲೇಟನ್ನು ತಲೆಯ ಮೇಲೆತ್ತಿ ಹಿಡಿದರು.

ಆಗ ಯಜಮಾನರು ಒಂದು ರೆಕ್ಕೆಯನ್ನು ಸ್ವಲ್ಪ ಸರಿಸಿದರು. ಕೆಳತುಟಿ ಅದುರಿತು. ಮತ್ತೆ, ಹಳೆಯ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆರೆದಂತೆ, ನಿಧಾನವಾಗಿ, ಬಾಯಿ ತೆರೆಯಿತು. ತೆರೆಯಿತು, ತೆರೆಯುತ್ತಲೇ ಹೋಯಿತು. ಕಣ್ಣು, ಮೂತಿ, ಸ್ಪಂಜಿನ ಮೈ ಎಲ್ಲ ಹಿಂದೆ ಸರಿದು ಬರೀ ಬಾಯಿಯೊಂದೇ ಉಳಿಯಿತು. ಡಾಕ್ಟರ ಕ್ಯಾಮೆರಾ ಪಟಪಟ ಮಿಂಚಿತು.

ಮನೆಗೆ ಬಂದವರೇ ಅವರು ಒದ್ದೆ ತಲೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತರು. ಫೋಟೋದಲ್ಲಿ ಬಾಯಿಯನ್ನಷ್ಟೇ ದೊಡ್ಡದು ಮಾಡಿ ನೋಡಿದರು. ಮೇಲ್ದವಡೆ ನೋಡಿದರು, ಕೆಳದವಡೆ ನೋಡಿದರು, ಗಂಟಲವರೆಗೆ ಇಣುಕಿದರು. ಒಂದು ಸೂಜಿಯಷ್ಟು ಸಣ್ಣ ಹಲ್ಲು ಕೂಡ ಮಸುಕಾಗಿರಲಿಲ್ಲ.

"ಎಂಥಾ ಹಲ್ಲು ಕಣೇ! ಒಂದು ಹುಳುಕಿಲ್ಲ!" ಎಂದು ಅಡುಗೆಮನೆಗೆ ಕೂಗಿ ಹೇಳಿದರು. ಬಾಯಿ ಬಿಟ್ಟು ಬೇರೇನನ್ನೂ ನೋಡುವ ವ್ಯವಧಾನ ಅವರಿಗಿರಲಿಲ್ಲ. ಅಷ್ಟೇ ಸಂಭ್ರಮದಲ್ಲಿ ಫೋಟೋವನ್ನು ಸ್ಪರ್ಧೆಗೆ ಕಳಿಸಿಬಿಟ್ಟರು.

ಸ್ಪರ್ಧೆಯ ಸಂಜೆ ಅಂಗಡಿಯ ಸಿಲಿಂಡರುಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಮಡಚುವ ಕುರ್ಚಿ ಹಾಕಿ, ಗೋಡೆಗೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅತ್ತೆ. ಫ್ಲ್ಯಾಶಪ್ಪನ ಸಮುದ್ರಕುದುರೆಗೆ ಜೋರು ಚಪ್ಪಾಳೆ ಬಿತ್ತು. ಅವನು ಎದ್ದು ನಿಂತು ಬೇಡದಿದ್ದರೂ ವಂದಿಸಿದ.

ಆಮೇಲೆ ಡಾಕ್ಟರ ಫೋಟೋ ಬಂತು. ಗೋಡೆ ತುಂಬ ಯಜಮಾನರು, ಗವಿಯಂತೆ ಬಾಯಿ ತೆರೆದು ಕಿರುಚುತ್ತಿರುವಂತೆ ಕಂಡರು. ಅವರ ತಲೆಯ ಮೇಲೆ, ಡಾಕ್ಟರದೇ ದೀಪದ ಬೆಳಕಿನಲ್ಲಿ ಥಳಥಳ ಹೊಳೆಯುವ ಬಿಳಿ ಚೌಕ. ಅದರಲ್ಲಿ ಗುಂಡಗಿನ ಕರಿ ಅಕ್ಷರ:

"ಸಾಕು ಮುಗಿಸ್ರೀ! ಹಸಿವಾಗ್ತಿದೆ!"

ಮರುಕ್ಷಣ ಯಾರೋ ಕುರ್ಚಿ ಸಮೇತ ಉರುಳಿದ ಸದ್ದು. ನಗು ಹಿಂದಿನ ಸಾಲಿನಿಂದ ಅಲೆಯಂತೆ ಎದ್ದು ಬಂತು. ತಿಮಿಂಗಿಲ ಬಿಳಿ ಬಟ್ಟೆಯನ್ನೇ ಹಿಡಿದು ಜೋಲಾಡಿದ. ಹೆಂಡತಿ ಕಿವಿಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ನಗಿಸ್ಬೇಡಿ, ನೋಯುತ್ತೆ!" ಎಂದು ಅಳುತ್ತ ನಕ್ಕಳು. ಡಾಕ್ಟರ ಮುಖ ಹುಳ್ಳಗಾಯಿತು. ಅಷ್ಟು ದಿನದ ತಪಸ್ಸು ನೀರುಪಾಲಾಯಿತಲ್ಲ ಎಂದು ನೆಲ ನೋಡುತ್ತ ಕುಳಿತರು.

ಫ್ಲ್ಯಾಶಪ್ಪ ಎದ್ದ. "ಇದು ನಡೆಯಲ್ಲ! ಆಮೇಲೆ ಕಂಪ್ಯೂಟರಲ್ಲಿ ಸೇರಿಸಿರೋ ಅಕ್ಷರ ಅದು!"

ಅತ್ತೆ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

"ಎಲ್ಲರ ಗಮನಕ್ಕೆ! ಈ ಅಕ್ಷರ ನನ್ನದು! ಬರೆದಿದ್ದು ನಾನು! ಹಸಿದಿದ್ದೂ ನಾನೇ!"

ಕಿಟಕಿಯ ಗಾಜು ಗಣಗಣ ಅಂದಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಒಳಗೆ ಇಣುಕಿ ನೋಡಿದರು. ಫ್ಲ್ಯಾಶಪ್ಪ ಬಾಯಿ ಮುಚ್ಚಿಕೊಂಡು ಕುಳಿತ. ಬಹುಮಾನ ಯಾರಿಗೆಂದು ಚರ್ಚಿಸುವ ಗೋಜಿಗೇ ಯಾರೂ ಹೋಗಲಿಲ್ಲ.

ಹಿತ್ತಾಳೆಯ ಮೀನಿನ ಬಹುಮಾನವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬರುವಾಗ ಡಾಕ್ಟರು ರಸ್ತೆಯನ್ನೇ ದುರುಗುಟ್ಟಿ ನೋಡುತ್ತ ಕಾರು ಓಡಿಸಿದರು.

"ಬೇಜಾರಾಯ್ತಾ ಅಳಿಯಂದ್ರೇ?" ಅತ್ತೆ ಹಿಂದಿನ ಸೀಟಿನಿಂದ ಕೇಳಿದರು. ಈ ಸಲ ದನಿ ಅಳಿಯನಿಗಷ್ಟೇ ಕೇಳುವಷ್ಟಿತ್ತು. "ನಿಮ್ ದವಡೆ ನಡುಗೋದು ಕಾಣ್ತಿತ್ತು. ನನಗಿಂತ ನಿಮಗೇ ಹಸಿವಾಗಿರುತ್ತೆ ಅನ್ನಿಸ್ತು. ಅದಕ್ಕೆ ಬರೆದೆ."

ಡಾಕ್ಟರ ಭುಜ ಕುಲುಕತೊಡಗಿತು. ಆಮೇಲೆ ಕಾರನ್ನೇ ಪಕ್ಕಕ್ಕೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಭಾನುವಾರ ಕಾರಿನಿಂದ ಇಳಿಯುತ್ತಿದ್ದಂತೆಯೇ ಜನ ಅತ್ತೆಯನ್ನು ಮುತ್ತಿಕೊಂಡರು. ಒಬ್ಬರಿಗೆ ಆಕ್ಟೋಪಸ್ಸಿನ ಹಿಂದೆ ನಿಂತು ಏನಾದರೂ ಬರೆಯಬೇಕಂತೆ, ಇನ್ನೊಬ್ಬರಿಗೆ ಹಾವುಮೀನಿನ ಹಿಂದೆ. ಎಲ್ಲರನ್ನೂ ಸರಿಸಿಕೊಂಡು ಫ್ಲ್ಯಾಶಪ್ಪ ಮುಂದೆ ಬಂದ.

"ಅಮ್ಮಾ, ಇವತ್ತೊಂದಿನ ನನ್ ಜೋಡಿ ಆಗ್ತೀರಾ? ನನ್ ಸಮುದ್ರಕುದುರೆಗೆ ಮಾತೇ ಇಲ್ಲ."

ಡಾಕ್ಟರಿಗೆ ಎಲ್ಲಿತ್ತೋ ಆವೇಶ, ನಡುವೆ ನುಗ್ಗಿದರು. ರಬ್ಬರಿನ ಅಂಗಿಗೆ ಒಂದೇ ಕಾಲು ಹಾಕಿದ್ದರು. ಅಂಗಿಯ ಇನ್ನೊಂದು ಕಾಲು ಹಿಂದೆ ಬಾಲದಂತೆ ಜೋಲುತ್ತಿತ್ತು.

"ಏನ್ರೀ ಇದು? ಅವರು ನಮ್ಮತ್ತೆ! ನಿಮಗೆ ಬೇಕಾದ್ರೆ ನಿಮ್ಮತ್ತೇನ ಕರ್ಕೊಂಡ್ ಬನ್ನಿ!"

"ನಮ್ಮತ್ತೆಗೆ ಈಜು ಬರಲ್ಲ ರೀ!"

"ಅದು ನಿಮ್ಮ ಹಣೆಬರಹ!"

ಅತ್ತೆ ಇಬ್ಬರನ್ನೂ ನೋಡಿ, ಅಳಿಯನ ತೋಳು ಹಿಡಿದು, "ಮೊದ್ಲು ಇನ್ನೊಂದು ಕಾಲು ಹಾಕ್ಕೊಳ್ಳಿ," ಎಂದು ಮೆಟ್ಟಿಲ ಕಡೆ ನಡೆಸಿಕೊಂಡು ಹೋದರು. ಮೊದಲ ಮೆಟ್ಟಿಲಲ್ಲೇ ಅವರ ಕೈಯಿಂದ ಕ್ಯಾಮೆರಾ ಇಸಿದುಕೊಂಡರು. "ಇವತ್ತು ನಾನು ತೆಗೀತೀನಿ. ನೀವು ಸುಮ್ನೆ ಬನ್ನಿ."

ಕೆಳಗೆ ವಾಷಿಂಗ್ ಮಷಿನ್ ಖಾಲಿಯಿತ್ತು. ಯಜಮಾನರು ಯಾರಿಗೂ ಹೇಳದೆ ನಡೆದುಕೊಂಡು ಎಲ್ಲಿಗೋ ಹೊರಟುಹೋಗಿದ್ದರು. ಅತ್ತೆ ಅಳಿಯ ಬಂಡೆಯ ಸಂದಿ, ಹುಲ್ಲಿನ ಮರೆ ಎಲ್ಲ ಹುಡುಕಿದರು. ಸಿಗಲಿಲ್ಲ. ಕೊನೆಗೆ ಅತ್ತೆ ಖಾಲಿ ಮಷಿನ್ನಿನ ಕಡೆ ಬೆರಳು ತೋರಿಸಿದರು. ಡಾಕ್ಟರು ಅರ್ಥವಾಗದೆ ಅದರ ಮೇಲೆ ಕುಳಿತರು.

ರಾತ್ರಿ ಊಟದ ಮೇಜಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಹೆಂಡತಿ ಒಂದೊಂದೇ ಫೋಟೋ ಸರಿಸಿದಳು. ಎಲ್ಲದರಲ್ಲೂ ಗಂಡನೇ. ಮುಖವಾಡದೊಳಗೆ ಕಣ್ಣು ಕೋಳಿಮೊಟ್ಟೆಯಷ್ಟು ಮಾಡಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ, ಮೊದಲ ಸಲ ಸ್ಟುಡಿಯೋಗೆ ಬಂದವರಂತೆ ಕುಳಿತಿದ್ದರು.

"ಅಮ್ಮಾ, ಇದ್ರಲ್ಲಿ ಒಂದು ಮೀನೂ ಇಲ್ವಲ್ಲೇ?"

"ಮೀನು ಹೇಳ್ದೆ ಕೇಳ್ದೆ ಓಡಿಹೋಗುತ್ತೆ ಕಣೇ," ಎಂದರು ಅತ್ತೆ, ಅಳಿಯನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತ. "ಇವರಾದ್ರೆ ಕೂರು ಅಂದ ಕಡೆ ಕೂರ್ತಾರೆ."