ಒಳಮುಖದ ಗೋಡೆ

"ನನ್ನ ಕಿವ್ಯಾಗ ಹತ್ತಿ ತುರಕಿದವರ ಯಾರು?"

ಕಸ್ತೂರೆವ್ವ ಹೀಗೆ ಕೇಳಿದಾಗ ಅಡುಗೆಮನೆಯಲ್ಲಿ ಅವಳ ಹೊರತು ಮತ್ತೊಬ್ಬರಿರಲಿಲ್ಲ. ಕೈಯಲ್ಲಿ ದೇವರ ದೀಪದ ಹಿತ್ತಾಳೆಯ ಸಮೆ, ಅದಕ್ಕೆ ಮೆತ್ತಿದ ಹುಣಸೆಹಣ್ಣು. ಆಚೆ ದೊಡ್ಡ ಹಾಲ್‌ನಲ್ಲಿ ಗಂಡ ಧರೆಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ದಿನದ ಪುರಾಣಕ್ಕೆ ಕುಳಿತಿದ್ದ. ದನಿ ಬರುತ್ತಿತ್ತು, ನುಡಿ ಬರುತ್ತಿರಲಿಲ್ಲ. ಒಂದು ಪದದ ಬಾಲ ಮತ್ತೊಂದರ ತಲೆಯ ಮೇಲೆ ಬಿದ್ದು, ಎರಡೂ ಸೇರಿ ಮೂರನೆಯದರ ಮೇಲೆ ಉರುಳಿ, ಬಾಗಿಲು ದಾಟಿ ಅವಳ ತನಕ ಬರುವಷ್ಟರಲ್ಲಿ ಎಲ್ಲವೂ ಸೇರಿ ಜೇನುಗೂಡಿನ ಗುಂಯ್‌ಗುಡುವಿಕೆಯಾಗಿರುತ್ತಿತ್ತು.

ಕಸ್ತೂರೆವ್ವನಿಗೆ ಓದು ಬರಹ ಬರದು. ಅವಳ ಪಾಲಿನ ಅಕ್ಷರವೆಲ್ಲ ಕಿವಿಯಿಂದಲೇ ಬಂದದ್ದು. ತವರಿನಲ್ಲಿ ಅಪ್ಪ ಓದುತ್ತಿದ್ದ, ಇಲ್ಲಿ ಐವತ್ತೆರಡು ವರ್ಷದಿಂದ ಗಂಡ ಓದುತ್ತಾನೆ. ಆರು ಸಾಲಿನ ಪದ್ಯ. ಎರಡು ಗಿಡ್ಡ, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ಏರಬೇಕು ಎಂಬುದು ಅವಳಿಗೆ ರೊಟ್ಟಿ ಬಡಿಯುವುದರಷ್ಟೇ ಗೊತ್ತು. ಧರೆಪ್ಪ ಒಂದು ಪದ ನುಂಗಿದರೆ ಒಲೆಯ ಮುಂದಿನಿಂದಲೇ ತಿದ್ದುವಳು. ಬೇರೆ ಮಾತಿನಲ್ಲಿ ಅವಳು ಯಾರಿಗೂ ಎದುರಾಡಿದವಳಲ್ಲ. ಪುರಾಣದ ಮಾತಿನಲ್ಲಿ ಮಾತ್ರ ಗಂಡನನ್ನೂ ಬಿಡುತ್ತಿರಲಿಲ್ಲ.

ಶೇಡಬಾಳದ ಆಚೆ ದ್ರಾಕ್ಷಿ ತೋಟದ ನಡುವೆ ಮಗ ಅಮಿತ ಹೊಸ ಬಂಗಲೆ ಕಟ್ಟಿಸಿ ಎಂಟು ತಿಂಗಳಾಗಿತ್ತು. ಮಣ್ಣಿನ ಗೋಡೆ, ಜಂತಿಯ ಮಾಳಿಗೆಯ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಎದ್ದ ಮನೆ. ಮೂವತ್ತು ಫೂಟಿನ ಹಾಲು, ಮುಖ ಕಾಣುವಂಥ ಫರಸಿಯ ನೆಲ, ನುಣ್ಣನೆಯ ಗೋಡೆ. ಚಂದವೆಂದರೆ ಚಂದವೇ. ಆದರೆ ಕಾಲಿಟ್ಟ ದಿನದಿಂದ ಕಸ್ತೂರೆವ್ವನ ಕಿವಿಗೆ ಪುರಾಣ ಹತ್ತಲಿಲ್ಲ. ಗಂಡನ ಮಗ್ಗುಲಲ್ಲೇ ಕುಳಿತು ನೋಡಿದಳು, ದೂರ ಕುಳಿತು ನೋಡಿದಳು. ಕಿವಿ ಕಡಿಯುತ್ತದೆಂದು ನೆಪ ಹೇಳಿ, ಮಗನೊಡನೆ ಮಿರಜಿಗೆ ಹೋಗಿ ತೋರಿಸಿದಳು. ಡಾಕ್ಟರು ನಕ್ಕು, "ಆಯೀಚೆ ಕಾನ ಮಸ್ತ ಆಹೇತ, ಕಿವಿ ಭಾಳ ಚಲೋ ಅದಾವ, ಇನ್ನ ಇಪ್ಪತ್ತ ವರ್ಷ ಏನೂ ಆಗೂದಿಲ್ಲ" ಎಂದು ಕಳಿಸಿದರು.

ಆ ಮಾತು ಅವಳನ್ನು ಇನ್ನಷ್ಟು ಹೆದರಿಸಿತು. ಕಿವಿ ಸರಿ ಇದ್ದೂ ದೇವರ ಮಾತು ಮಾತ್ರ ಕೇಳಿಸದಿದ್ದರೆ, ಅದನ್ನು ತಡೆದವನು ದೇವರೇ ಇರಬೇಕಲ್ಲ? ಯಡೂರಿಗೆ ಹೋಗಿ ವೀರಭದ್ರನ ಮುಂದೆ ನಿಂತು, ಏನು ತಪ್ಪಾಯಿತೆಂದು ಕೇಳಿಬಂದಳು. ಯಾರಿಗೂ ಹೇಳಲಿಲ್ಲ. ಬೆಳಗಿನ ಓದಿನ ಹೊತ್ತಿಗೆ ಅಡುಗೆಮನೆಯಲ್ಲೇ ಏನಾದರೂ ತಿಕ್ಕುತ್ತ ಇರುವುದನ್ನು ರೂಢಿ ಮಾಡಿಕೊಂಡಳು.

ಈ ನಡುವೆ ಸೊಸೆ ಉಜ್ವಲಾಳ ಮನಸ್ಸಿಗೆ ಕಲ್ಲು ಹತ್ತಿತು. ಹಾಲಿನ ಒಂದು ಗೋಡೆಯನ್ನು, ಟಿ.ವಿ. ಇಡುವ ಬದಿಯದನ್ನು, ಕಲ್ಲಿನಿಂದ ಸಿಂಗರಿಸಬೇಕು. ನಿಪ್ಪಾಣಿಯಲ್ಲಿ ಅವಳ ಅಣ್ಣ ಹಾಗೆ ಮಾಡಿಸಿದ್ದ. ಮೊಬೈಲಿನಲ್ಲಿ ಫೋಟೋ ಇತ್ತು. ಬೆರಳು ದಪ್ಪದ ಕಲ್ಲಿನ ಪಟ್ಟಿಗಳನ್ನು ಸಮನಾಗಿ ಅಂಟಿಸಿದ ಗೋಡೆ. ಅಣ್ಣನ ಮನೆಗೆ ಅದನ್ನು ಮಾಡಿಕೊಟ್ಟವನು ಕುನಾಲ, ಮನೆಯ ಒಳಾಂಗಣ ಸಿಂಗರಿಸುವ ಕಾಂಟ್ರ್ಯಾಕ್ಟರ. ಕಲ್ಲು ರಾಜಸ್ಥಾನದಿಂದ ಬರಬೇಕೆಂದ.

"ರಾಜಸ್ಥಾನದ ಕಲ್ಲ ಯಾಕ?" ಎಂದ ಅಮಿತ. "ಕೃಷಿ ಹೊಂಡ ತಗಿಯೂ ಮುಂದ ಬಿದ್ದ ಕರಿಕಲ್ಲ ಬದುವಿನ ಮ್ಯಾಲ ಗುಡ್ಡ ಆಗೇತಿ. ಕಲ್ಲ ಕಟ್ಟೂ ನಮ್ಮ ಬಾಳು ಅದಾನ. ಅಂವ ಹಾಕಿದ ಕಲ್ಲ ಅಳ್ಳಾಡಿದ್ದ ಯಾರೂ ನೋಡಿಲ್ಲ."

ಬಾಳು ಈ ಸೀಮೆಯ ಬಾವಿಗಳಿಗೆಲ್ಲ ಒಳಗಿನ ಕಲ್ಲು ಕಟ್ಟಿದವನು. ಅವನ ಅಪ್ಪನೂ ಅದೇ ಕೆಲಸದವನು. ಬೋರು ಬಂದ ಮೇಲೆ ಬಾವಿ ಕಟ್ಟಿಸುವವರು ಇಲ್ಲವಾಗಿ ಬದು, ಪೌಳಿಗೋಡೆ ಕಟ್ಟಿಕೊಂಡಿದ್ದ. ಉಜ್ವಲಾ ಅವನಿಗೆ ಫೋಟೋ ತೋರಿಸಿದಳು. ಬಿಸಿಲಿಗೆ ತಗಡು ಹೊಳೆದಂತೆ ಹೊಳೆಯುವ ಆ ಮೊಬೈಲಿನಲ್ಲಿ ಬಾಳುವಿಗೆ ಕಂಡದ್ದು ಎಷ್ಟೋ, ಬಿಟ್ಟದ್ದು ಎಷ್ಟೋ.

"ಕಲ್ಲಿನ ಮುಖ ಒಳಗ ಮಾಡಬೇಕಲ್ರಿ ವೈನಿ?"

"ಹೂಂ ಮತ್ತ. ಒಳಗಿನ ಮಂದಿ ನೋಡಬೇಕಲ್ಲ."

"ತಿಳೀತು ಬಿಡ್ರಿ" ಎಂದ ಬಾಳು.

ಅಣ್ಣನ ಮಗಳ ಹೆಸರಿಡುವ ಕಾರ್ಯಕ್ಕೆಂದು ಉಜ್ವಲಾ ಎಂಟು ದಿನ ನಿಪ್ಪಾಣಿಗೆ ಹೋದಳು. ಅಮಿತನಿಗೆ ತೋಟದಲ್ಲಿ ಔಷಧ ಹೊಡೆಸುವ ದಿನಗಳು. ಹಾಲಿನಲ್ಲಿ ಉಳಿದವರು ಬಾಳು, ಕಲ್ಲು ಹೊತ್ತು ತರುವ ಅವನ ಹೆಂಡತಿ ಶೇವಂತಾ, ಮತ್ತು ನೋಡುತ್ತ ಕುಳಿತ ಕಸ್ತೂರೆವ್ವ.

ಮೊದಲ ದಿನ ಬಾಳು ಕಲ್ಲು ಇಡಲೇ ಇಲ್ಲ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೂ ಸುತ್ತಿಗೆಯಿಂದ ಮುಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ. ಕೆಲವನ್ನು ಬಲಕ್ಕೆ ಇಡುವನು, ಕೆಲವನ್ನು ಎಡಕ್ಕೆ ಎಸೆಯುವನು.

"ಕಲ್ಲಿಗೆ ಏನ ಕೇಳಾಕತ್ತಿಯೋ ಬಾಳು?" ಎಂದಳು ಕಸ್ತೂರೆವ್ವ.

"ಜೀವ ಐತಿಲ್ಲ ಅಂತ ಕೇಳಾಕತ್ತೇನ್ರಿ ಆಯಿ. ಒಳಗ ಒಡಕ ಇದ್ರ ಮ್ಯಾಲ ಕಾಣೂದಿಲ್ಲ. ಕಿವಿಗೆ ಅಷ್ಟ ಗೊತ್ತಾಗತೈತಿ. ಬರ್ರಿ, ನೀವ ಹೇಳ್ರಿ."

ಒಂದಕ್ಕೆ ಬಡಿದ. ಗುಡಿಯ ಗಂಟೆಯ ಕೊನೆಯ ಅಲೆಯಂಥ ದನಿ ಎದ್ದಿತು. ಮತ್ತೊಂದಕ್ಕೆ ಬಡಿದ. ಅದೂ ಹಾಗೆಯೇ ಎದ್ದಿತು. ಆದರೆ ಅದರ ತುದಿಯಲ್ಲಿ ಏನೋ ಒಂದು, ಕೂದಲೆಳೆಯಷ್ಟು ಒರಟು.

"ಎರಡನೇದ್ರಾಗ ಒಡಕ ಐತಿ" ಎಂದಳು.

ಬಾಳು ಸುತ್ತಿಗೆ ಎತ್ತಿ ಒಂದೇ ಪೆಟ್ಟು ಹಾಕಿದ. ಕಲ್ಲು ಎರಡು ಹೋಳಾಯಿತು. ಒಳಗೆ ಅಂಗೈಯಷ್ಟು ಪೊಳ್ಳು. ಆ ಪೊಳ್ಳಿನ ತುಂಬ ಉಪ್ಪಿನ ಹರಳಿನಂಥ ಬಿಳಿಯ ಮೊಳಕೆಗಳು. ಸೂರ್ಯ ಬಿದ್ದದ್ದೇ ತಡ, ಅಷ್ಟೂ ಹೊತ್ತಿಕೊಂಡವು.

ಶೇವಂತಾ ತಲೆಯ ಮೇಲಿನ ಬುಟ್ಟಿಯನ್ನು ಇಳಿಸುವುದನ್ನೂ ಮರೆತಳು. ಕಸ್ತೂರೆವ್ವನಿಗೆ ಅನಿಸಿತು: ಈ ನೆಲ ನೆಲವಾದಾಗಿನಿಂದ ಈ ಬೆಳಕನ್ನು ಯಾರೂ ಕಂಡಿಲ್ಲ. ಯಾರೂ ನೋಡದ ಕತ್ತಲಲ್ಲಿ, ದ್ರಾಕ್ಷಿಯ ಬೇರಿನ ಕೆಳಗೆ, ದೇವರು ಯಾರಿಗಾಗಿ ಇಷ್ಟು ಸಿಂಗಾರ ಮಾಡಿ ಮುಚ್ಚಿಟ್ಟಿದ್ದ? ಕೈಗಳು ತಾವಾಗಿಯೇ ಜೋಡಿಕೊಂಡವು.

"ನನ್ನ ಕಿವಿಗೂ ಸಿಗಲಿಲ್ಲ ನೋಡ್ರಿ ಇದು" ಎಂದ ಬಾಳು ಕೊನೆಗೆ. "ನಿಮ್ಮಂಥ ಕಿವಿ ನಮ್ಮ ಅಪ್ಪಂದು ಅಷ್ಟ ಇತ್ತು."

"ಹಂಗಾದ್ರ ಪುರಾಣ ಯಾಕ ಕೇಳಸವಲ್ದೋ ನನಗ?"

ಎಂಟು ತಿಂಗಳು ಗಂಡನಿಗೂ ಹೇಳದ್ದು ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಬಾಳು ಸುತ್ತಿಗೆಯನ್ನು ಮುಂದಿನ ಕಲ್ಲಿಗೆ ಮುಟ್ಟಿಸಿದ. ಅವನಿಗೂ ಕಾರಣ ಗೊತ್ತಿರಲಿಲ್ಲ.

ಮರುದಿನದಿಂದ ಗೋಡೆ ಏಳತೊಡಗಿತು. ಎರಡು ಗಿಡ್ಡ ಕಲ್ಲು, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಕಸ್ತೂರೆವ್ವ ಅದನ್ನು ಗಮನಿಸಿ ಬೆರಗಾದಳು.

"ಯಾರು ಹೇಳಿಕೊಟ್ರ ನಿನಗ ಹಿಂಗ ಇಡಾಕ?"

"ಉದ್ದನ್ನದ ಹಿಂದಕ್ಕ ಹೋಗಿ ಕಚ್ಚಿ ಹಿಡಿತೈತ್ರಿ. ಬರೇ ಗಿಡ್ಡವ ಇಟ್ರ ಗ್ವಾಡಿಗೆ ಹೊಟ್ಟಿ ಬಂದ ಬೀಳತೈತಿ."

ಪದ್ಯವೂ ಹಾಗೆಯೇ, ಎಂದುಕೊಂಡಳು ಅವಳು. ಮೂರನೆಯ ಸಾಲು ಹಿಂದಕ್ಕೆ ಹೋಗಿ ಕಚ್ಚಿ ಹಿಡಿಯದಿದ್ದರೆ ಉಳಿದ ಸಾಲುಗಳು ಇಷ್ಟು ವರ್ಷ ನೆನಪಿನಲ್ಲಿ ನಿಲ್ಲುತ್ತಿದ್ದವೇ?

ಕೆಲವು ಕಲ್ಲು ಗೇಣುದ್ದ ಮುಂದೆ ಚಾಚಿದ್ದವು, ಕೆಲವು ಬೆರಳುದ್ದ ಒಳಗೆ ಸರಿದಿದ್ದವು. ಸಂದುಗಳಿಗೆ ಮೇಲೆ ಸಿಮೆಂಟು ಬಳಿಯದೆ ಹಾಗೆಯೇ ಬಿಟ್ಟಿದ್ದ. ಹರಳಿನ ಕಲ್ಲನ್ನು ನಟ್ಟನಡುವೆ, ಬೆಳಗಿನ ಕಿಟಕಿಗೆ ಎದುರಾಗಿ ಕೂರಿಸಿದ. ಏಳನೆಯ ದಿನ ಸಂಜೆಗೆ ಕೆಲಸ ಮುಗಿಯಿತು. ಶೇವಂತಾ ನೀರು ಚಿಮುಕಿಸಿ ತೊಳೆದಾಗ ಗೋಡೆ, ಮಳೆ ನಿಂತ ಮೇಲಿನ ಎರೆಹೊಲದಂತೆ ಕಪ್ಪಗೆ ಉಸಿರಾಡಿತು.

ಎಂಟನೆಯ ದಿನ ಬೆಳಿಗ್ಗೆ ಧರೆಪ್ಪ ಎಂದಿನಂತೆ ಓದಿಗೆ ಕುಳಿತ. ಕಸ್ತೂರೆವ್ವ ಎಂದಿನಂತೆ ಅಡುಗೆಮನೆ ಸೇರಿದಳು. ಸಮೆಗೆ ಹುಣಸೆಹಣ್ಣು ಹಚ್ಚಿದಳು. ಕೈ ಅಲ್ಲಿಗೇ ನಿಂತಿತು.

ನುಡಿ ಬರುತ್ತಿತ್ತು.

ಒಂದರ ಹಿಂದೆ ಒಂದು, ಮಗ್ಗುಲು ತಾಕದೆ, ಕಳಸ ಹೊತ್ತ ಹೆಣ್ಣುಮಕ್ಕಳು ಸಾಲಾಗಿ ಹೊಸಿಲು ದಾಟಿ ಬಂದಂತೆ ಬರುತ್ತಿತ್ತು. ಪ್ರತಿ ಪದಕ್ಕೂ ಮುಖವಿತ್ತು. ಗಿಡ್ಡ ಸಾಲು, ಗಿಡ್ಡ ಸಾಲು, ಉದ್ದ ಸಾಲು, ಉಸಿರು. ಅವಳು ಉಸಿರು ಬಿಡಲೂ ಹೆದರಿದಳು, ಎಲ್ಲಿ ಮತ್ತೆ ನಿಂತೀತೋ ಎಂದು. ಹುಳಿ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಿತ್ತು. ಚಾಚಿದ ಒಂದೊಂದು ಕಲ್ಲಿಗೂ ಅದರದೇ ನೆರಳು. ನಡುವೆ ಆ ಹರಳು ಉರಿಯುತ್ತಿತ್ತು. ಧರೆಪ್ಪ ಐದನೆಯ ಸಾಲಿಗೆ ಬಂದು, ಒಂದು ಪದ ನುಂಗಿ ಮುಂದೆ ಹೋದ.

"ಒಂದ ಪದ ಬಿಟ್ರಿ!" ಎಂದಳು ಕಸ್ತೂರೆವ್ವ. ಬಿಟ್ಟ ಪದವನ್ನು ತಾನೇ ಹೇಳಿದಳು.

ಧರೆಪ್ಪ ತಲೆಯೆತ್ತಿದ. ಕನ್ನಡಕ ತೆಗೆದು ಅವಳನ್ನು ನೋಡಿದ. ಮತ್ತೆ ಹಾಕಿಕೊಂಡು ಪುಟ ನೋಡಿದ.

"ಹೌದಲೇ, ಬಿಟ್ಟೇನಿ" ಎಂದ. ಆಮೇಲೆ ಮೆಲ್ಲಗೆ, "ಎಂಟ ತಿಂಗಳಾತು, ನೀ ಒಮ್ಮೆನೂ ತಿದ್ದಲಿಲ್ಲ. ಮುದುಕ ಆದಮ್ಯಾಲ ನನ್ನ ಓದು ಸುಧಾರಿಸೇತಿ ಅಂತ ತಿಳಕೊಂಡಿದ್ನಲ್ಲ!"

ಅವಳು ನಗಲಿಲ್ಲ. ಗೋಡೆಯ ಮುಂದೆ ಕುಸಿದು ಕುಳಿತು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಓದ್ರಿ, ಓದ್ರಿ" ಎಂದಳಷ್ಟೇ.

ಸುತ್ತಿಗೆ ಮೊದಲಾದ ಹತಾರ ಒಯ್ಯಲು ಬಂದಿದ್ದ ಬಾಳು ಬಾಗಿಲಲ್ಲಿ ನಿಂತಿದ್ದ. ಓದು ಮುಗಿದ ಮೇಲೆ ಅವಳು ಅವನನ್ನು ಕೇಳಿದಳು, ಏನು ಮಾಡಿದೆಯಪ್ಪಾ ಎಂದು. ಬಾಳು ಗೋಡೆಯನ್ನೂ ಅದರೆದುರಿನ ನುಣ್ಣನೆಯ ಗೋಡೆಯನ್ನೂ ನೋಡಿದ.

"ಈಗ ನೆನಪಾತ್ರಿ ಆಯಿ. ನಮ್ಮ ಅಪ್ಪ ಕಲ್ಲಿನ ಬಾವ್ಯಾಗ ಇಳದ ಮಾತಾಡಿದ್ರ ದಂಡಿ ಮ್ಯಾಲ ಅಕ್ಷರ ಅಕ್ಷರ ಕೇಳಸ್ತಿತ್ತು. ಮುಂದ ಸಿಮೆಂಟ್ ರಿಂಗಿನ ಬಾವಿ ಬಂದವಲ್ಲ, ಅದ್ರಾಗ ಇಳದ ಒದರಿದ್ರ ಬರೇ ಗುಂಯ್. ದನಿ ನುಣ್ಣನ ಗ್ವಾಡಿಗೆ ಜಾರಿ ಜಾರಿ ತಿರಗತೈತ್ರಿ. ಕಲ್ಲ ಅದನ್ನ ಒಡದ ಹಂಚತೈತಿ."

ಅವಳ ತಪ್ಪಾಗಿರಲಿಲ್ಲ. ದೇವರ ಸಿಟ್ಟೂ ಆಗಿರಲಿಲ್ಲ. ಕಸ್ತೂರೆವ್ವ ಎದ್ದು ಹೋಗಿ, ಚಾಚಿದ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು.

ಮಧ್ಯಾಹ್ನ ಉಜ್ವಲಾ ಬಂದಳು. ಚೀಲವನ್ನು ಬಾಗಿಲಲ್ಲೇ ಬಿಟ್ಟು ನಿಂತಳು.

"ಅಯ್ಯ ಶಿವನ! ಇದ ಗ್ವಾಡಿನೋ ಬಾವಿನೋ?"

"ಒಳಗ ಮುಖ ಅಂದ್ರಲ್ರಿ ವೈನಿ" ಎಂದ, ಕೂಲಿಗೆ ಕಾದು ನಿಂತಿದ್ದ ಬಾಳು, ಗಾಬರಿಯಿಂದ. "ಮನಿ ಗ್ವಾಡಿಗೆ ಕಲ್ಲಿನ ಮುಖ ಹೊರಗ ಇರತೈತಿ. ಒಳಗ ಮುಖ ಅಂದ್ರ ನಮಗ ಬಾವಿ ಒಂದ ಗೊತ್ತ."

"ಅಂದ್ರ ನಾವೇನ ಕಪ್ಪೀನು, ಒಳಗ ಕುಂತ ವಟಗುಟ್ಟಾಕ?" ಎಂದು ಅವಳು ಗಂಡನ ಕಡೆ ತಿರುಗಿದಳು. "ಟಿ.ವಿ. ಎಲ್ಲಿ ಇಡೂದ್ರಿ? ಆ ಕಲ್ಲಿನ ಮೂಗಿನ ಮ್ಯಾಲ?"

ಇಷ್ಟು ದಿನ ತೋಟದ ಗಡಿಬಿಡಿಯಲ್ಲಿ ಗೋಡೆಯತ್ತ ಸರಿಯಾಗಿ ನೋಡದಿದ್ದ ಅಮಿತನಿಗೂ ಈಗ ನಾಚಿಕೆಯಾಯಿತು. ಕುನಾಲನಿಗೆ ಫೋನು ಮಾಡಿದ. ಕುನಾಲ ಫೋಟೋ ತರಿಸಿಕೊಂಡು ನೋಡಿ, "ಕಾಳಜಿ ಬ್ಯಾಡ್ರಿ, ನಾಳೆ ಗ್ರೈಂಡರ್ ತರ್ತೇನಿ. ಮುಂದ ಬಂದದ್ದೆಲ್ಲ ಕೊಯ್ದ ಸಪಾಟ ಮಾಡಿ, ಸಂದಿಗೆ ಸಿಮೆಂಟ್ ತುಂಬಿ, ಮ್ಯಾಲ ಪಾಲಿಶ್ ಕೊಡೂಣು. ಕನ್ನಡಿ ಆಗತೈತಿ" ಎಂದ.

ಕನ್ನಡಿ. ಆ ಮಾತು ಕಸ್ತೂರೆವ್ವನ ಎದೆಯಲ್ಲಿ ಒಡಕು ಕಲ್ಲಿನ ಹಾಗೆ ಸದ್ದು ಮಾಡಿತು. ಹೇಳಬೇಕೆಂದು ಬಾಯಿ ತೆರೆದಳು. ಸೊಸೆಯ ಮನೆ, ಸೊಸೆಯ ಆಸೆ; ಓದು ಬಾರದ ಮುದುಕಿಯ ಕಿವಿಗಾಗಿ ಹಾಲ್‌ನ ಅಂದ ಕೆಡಿಸಿಕೊಳ್ಳಿರೆಂದು ಹೇಗೆ ಹೇಳುವುದು? ಧರೆಪ್ಪ ಅವಳ ಮುಖ ನೋಡಿ, "ನಾ ಹೇಳ್ಲಿ?" ಎಂದ. ಬೇಡವೆಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋಗಲಿಲ್ಲ. ಗೋಡೆಗೆ ಬೆನ್ನು ತಾಕುವಂತೆ ಚಾಪೆ ಹಾಸಿಕೊಂಡು ಕುಳಿತಳು. ಧರೆಪ್ಪ ಓದಿದ. ಎರಡು ಕಡೆ ತಿದ್ದಿದಳು. ಉಜ್ವಲಾ ಚಹಾದ ಬಟ್ಟಲು ಹಿಡಿದು ಅರ್ಧ ದಾರಿಯಲ್ಲಿ ನಿಂತು, ಅತ್ತೆಯ ದನಿ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಕೇಳಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕುವವಳಂತೆ ನೋಡಿದಳು. ಓದು ಇನ್ನೂ ಮುಗಿದಿರಲಿಲ್ಲ. ಹೊರಗೆ ಕುನಾಲನ ಗಾಡಿ ಬಂದು ನಿಂತಿತು.

ಅಮಿತ ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಸಿದ. ಕುನಾಲ ಗ್ರೈಂಡರಿನ ವಾಯರು ಬಿಚ್ಚಿ, ಪರೀಕ್ಷೆಗೆಂದು ಒಮ್ಮೆ ತಿರುಗಿಸಿದ. ಕಿವಿ ಸೀಳುವ ಕಿರಿಚು ಉಳಿದ ಮೂರು ಗೋಡೆಗೂ ಹಾರಿತು. ಧರೆಪ್ಪ ಪುಸ್ತಕ ಮುಚ್ಚಿದ. ಕಸ್ತೂರೆವ್ವನ ಬೆನ್ನ ಹಿಂದೆ ಕಲ್ಲು ಮಾತ್ರ ಸುಮ್ಮನಿತ್ತು.

"ಅತ್ತಿ" ಎಂದಳು ಉಜ್ವಲಾ, ಬಗ್ಗಿ, ಮೆತ್ತಗೆ. "ಧೂಳ ಭಾಳ ಆಗತೈತ್ರಿ. ಎರಡ ತಾಸಿನ ಕೆಲಸ. ಆ ಕಡೆ ಖೋಲಿಗೆ ಎದ್ದ ಬರ್ರಿ, ನಾ ಚಾಪಿ ಹಾಸ್ತೇನಿ."

ಕಸ್ತೂರೆವ್ವ ಸೊಸೆಯ ಮುಖ ನೋಡಿದಳು. ಕೈಯನ್ನು ತಲೆಯ ಮೇಲಿಂದ ಹಿಂದಕ್ಕೆ ಚಾಚಿ, ಬಿಸಿಲು ಬಿದ್ದ ಹರಳಿನ ಕಲ್ಲನ್ನು ಮುಟ್ಟಿಕೊಂಡಳು.

"ಇಲ್ಲವ್ವಾ. ನಾ ಏಳಂಗಿಲ್ಲ. ಇದರ ಒಂದ ಕಲ್ಲಿಗೂ ಮಿಷನ್ ಹಚ್ಚಗೊಡಂಗಿಲ್ಲ."