ಮೂರನೆಯ ಗೀರು

"ಭಾವ, ಒಂದು ಕತ್ತರಿ ಕೊಡಿ. ಈ ಬಳ್ಳಿ ಕಿಟಕಿ ಸರಳನ್ನೆಲ್ಲ ನುಂಗಿಬಿಟ್ಟಿದೆ, ಹಗ್ಗ ಕಟ್ಟೋಕೆ ಜಾಗಾನೇ ಇಲ್ಲ," ಎಂದು ಹೆಂಡತಿಯ ತಮ್ಮ ಸ್ಟೂಲಿನ ಮೇಲಿಂದ ಕೂಗಿದ. ಬಂದವರಿಗೆ ನೆರಳಾಗಲೆಂದು ಅಂಗಳದಲ್ಲಿ ಟಾರ್ಪಾಲು ಕಟ್ಟುತ್ತಿದ್ದ.

ಟೈಲರ್ ಒಳಗೆ ಹೋಗಿ ತನ್ನ ಬಟ್ಟೆ ಕತ್ತರಿಯನ್ನೇ ತಂದುಕೊಟ್ಟ. ಅದರಲ್ಲಿ ಕಾಗದ ಕತ್ತರಿಸಿದರೂ ಹೆಂಡತಿಯ ಮೇಲೆ ರೇಗುತ್ತಿದ್ದ ಮನುಷ್ಯ. ಇವತ್ತು ಅವಳು ನಡುಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ, ಬೈಸಿಕೊಳ್ಳುವವರೇ ಇಲ್ಲ.

"ಬುಡದ ತನಕ ಕತ್ತರಿಸು," ಎಂದ. ಹಾಗೆಂದ ಮೇಲೆ ಹೊಟ್ಟೆ ತಣ್ಣಗಾಯಿತು. ಹೆಂಡತಿ ಸತ್ತ ದಿನ ಗಂಡನ ಹೊಟ್ಟೆ ತಣ್ಣಗಾಗಬಾರದು. ಆದರೆ ಆಯಿತು, ಏನು ಮಾಡುವುದು?

ಬಳ್ಳಿ ಹಬ್ಬಿದ್ದು ಹಳೆಯ ಕಿಟಕಿಗಳಿಗೆ. ಆ ಕಿಟಕಿ, ಆ ಮನೆ, ಎಲ್ಲ ಅವಳ ಮೊದಲ ಗಂಡ ಕಟ್ಟಿಸಿದ್ದು. ಅವನು ಪೋಸ್ಟ್ ಮಾಸ್ಟರ್. ಮನೆ ಕಟ್ಟಿಸಿ, ನಾಲ್ಕು ಕಾಲ ಬಾಳದೆ ಹೋದ ಪುಣ್ಯಾತ್ಮ. ಟೈಲರ್ ಅವಳ ಕೈ ಹಿಡಿದದ್ದು ಆಮೇಲೆ. ದಿನಾ ಬೆಳಗ್ಗೆ ಅವಳು ಆ ಬಳ್ಳಿಗೆ ನೀರು ಹಾಕಿ, ಎಲೆ ಸರಿಮಾಡುತ್ತ ಏನೋ ಗುನುಗುತ್ತಿದ್ದಳು. ಯಾರ ಜೊತೆ ಮಾತು? ಇನ್ಯಾರ ಜೊತೆ, ಅವನ ಜೊತೆಯೇ. ಟೈಲರ್ ಮಿಷನ್ ತುಳಿಯುತ್ತಲೇ ಕುದಿಯುತ್ತಿದ್ದ.

ಗೇಟಿನ ಬಳಿ ಒಬ್ಬ ಮುದುಕ ನಿಂತು ಕೇಳಿದ, "ಪೋಸ್ಟ್ ಮಾಸ್ಟರ್ ಮನೆ ಇದೇನಾ? ಅವರ ಮನೆಯವರು ಹೋಗಿಬಿಟ್ರಂತೆ."

"ಅಲ್ಲ. ಇದು ಟೈಲರ್ ಮನೆ. ತೀರಿಕೊಂಡಿದ್ದು ಟೈಲರ್ ಹೆಂಡತಿ," ಎಂದ ಟೈಲರ್.

ಮುದುಕ ಒಮ್ಮೆ ಮನೆಯನ್ನೂ ಒಮ್ಮೆ ಇವನನ್ನೂ ನೋಡಿ ಒಳಗೆ ನಡೆದ. ಅವಳು ಈ ಗೇಟು ದಾಟುವ ಮುಂಚೆ ಯಾರಾದರೂ ಒಬ್ಬರು "ಟೈಲರ್ ಹೆಂಡತಿ ಹೋದಳು" ಎನ್ನಲಿ. ಅವನಿಗೆ ಬೇಕಿದ್ದುದು ಅಷ್ಟೇ.

*

ಹೊಲಿಗೆಗೆಂದು ಮನೆಗೊಂದು ಕೋಣೆ ಸೇರಿಸುವ ಮಾತು ಬಂದಾಗ ಅವನೇ ನಕ್ಷೆ ಬರೆದಿದ್ದ. ಅಗಲವಾದ ಗಾಜು, ಚಪ್ಪಟೆ ತಾರಸಿ, ಮೇಲೊಂದು ಬೋರ್ಡು.

"ಚೆನ್ನಾಗಿದೆ," ಎಂದಳು ಅವಳು. "ಆದ್ರೆ ಈ ಮನೆಗಲ್ಲ."

"ಮತ್ತೆ ಹೇಗಿರಬೇಕು?"

"ಅದೇ ಹೆಂಚು, ಅದೇ ಅಳತೆ ಕಿಟಕಿ, ಗೋಡೆಗೆ ಅದೇ ಬಣ್ಣ. ಬೀದೀಲಿ ನಿಂತು ನೋಡಿದೋರಿಗೆ ಎಲ್ಲಿ ಸೇರಿಸಿದ್ದು ಅಂತ ಗೊತ್ತಾಗಬಾರದು."

"ಅಂದ್ರೆ ನಾನು ಅವನ ಮನೆಗೆ ಬಾಲಂಗೋಚಿ."

"ನೀವು ಬಿಳಿ ಅಂಗಿಗೆ ಕೆಂಪು ತೇಪೆ ಹಾಕ್ತೀರಾ?"

ಅವನ ಕಸುಬಿನಿಂದಲೇ ಅವನ ಬಾಯಿ ಮುಚ್ಚಿಸಿದ್ದಳು. ಬದುಕಿರುವವನಾದರೆ ಜಗಳವಾಡಬಹುದು. ಸತ್ತವನಿಗೆ ಗೊರಕೆಯಿಲ್ಲ, ಸಿಡುಕಿಲ್ಲ, ತಲೆ ನರೆಯುವುದಿಲ್ಲ. ಅವನ ಮುಂದೆ ಗೆಲ್ಲುವುದು ಹೇಗೆ?

ಕೊನೆಗೆ ಕೋಣೆ ಅವಳು ಹೇಳಿದ ಹಾಗೇ ಎದ್ದಿತು. ಗಾರೆ ಹಸಿಯಿದ್ದಾಗ ಟೈಲರ್ ಮೇಸ್ತ್ರಿಯನ್ನು ಗುಟ್ಟಾಗಿ ಕರೆದ. ಹಳೆಯ ಕಿಟಕಿಗಳ ಕೆಳಗಿನ ಪಟ್ಟಿಯಲ್ಲಿ ಉದ್ದಕ್ಕೂ ಎರಡು ಗೀರುಗಳಿದ್ದವು.

"ನನ್ನ ಕಿಟಕಿಗೆ ಮೂರು ಎಳಿ."

"ಅಕ್ಕಾವ್ರು ಬೈತಾರೆ ಸ್ವಾಮಿ."

"ಬೈಯಲಿ."

ಅವಳು ಬಂದು ನೋಡಿದಳು, ಬೆರಳಾಡಿಸಿದಳು, ಬೈಯದೆ ಒಳಗೆ ಹೋದಳು. ಟೈಲರ್ ಮೀಸೆಯಡಿಯಲ್ಲೇ ನಕ್ಕ. ಅಂದಿನಿಂದ ಗೇಟು ತೆರೆದಾಗಲೆಲ್ಲ ಅವನ ಕಣ್ಣು ತನ್ನ ಕಿಟಕಿಗೇ. ಹಳೆಯ ಕಿಟಕಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳು ಹಳೆಯ ಕಿಟಕಿಗಳ ಬುಡಕ್ಕೆ ಬಳ್ಳಿ ನೆಟ್ಟಳು. ಆ ಪೋಸ್ಟ್ ಮಾಸ್ಟರನ ಕಿಟಕಿಗಳಿಗೆ ಸಾಲು ಹಸಿರು, ತನ್ನದಕ್ಕೆ ಒಂದು ಎಲೆಯೂ ಇಲ್ಲ. ಗೆದ್ದ ಖುಷಿಯೆಲ್ಲ ಅಲ್ಲಿಗೇ ಇಂಗಿಹೋಯಿತು.

*

ಮಧ್ಯಾಹ್ನದ ಹೊತ್ತಿಗೆ ಅದೇ ಮೇಸ್ತ್ರಿ ಕೋಲೂರಿಕೊಂಡು ಬಂದ. ಒಳಗೆ ಹೋಗಿ ಮುಖ ನೋಡಿ, ಕಣ್ಣೊರೆಸಿಕೊಂಡು ಅಂಗಳದಲ್ಲಿ ಕೂತ.

"ಎಂಥ ಕೈ ಮೇಸ್ತ್ರಿ ನಿಮ್ದು," ಎಂದ ಹೆಂಡತಿಯ ತಮ್ಮ, ಕತ್ತರಿಸಿದ ಬಳ್ಳಿಯನ್ನು ಮೂಲೆಗೆ ತಳ್ಳುತ್ತ. "ಯಾವುದು ಹಳೇದು, ಯಾವುದು ಹೊಸದು ಗೊತ್ತೇ ಆಗಲ್ಲ. ಎಲ್ಲ ಪೋಸ್ಟ್ ಮಾಸ್ಟರ್ ಭಾವನೇ ಕಟ್ಟಿಸಿದ ಹಾಗಿದೆ."

ಟೈಲರ್‌ಗೆ ಉರಿದುಹೋಯಿತು. "ಗೊತ್ತಾಗುತ್ತೆ. ಕಣ್ಣಿದ್ದವರಿಗೆ ಗೊತ್ತಾಗುತ್ತೆ. ನನ್ನ ಕಿಟಕಿಗೆ ಮೂರು ಗೀರು, ಅವನದ್ದಕ್ಕೆ ಎರಡೇ. ಬೇಕಾದ್ರೆ ಎಣಿಸಿ ನೋಡು."

ಹೆಂಡತಿಯ ತಮ್ಮ, ಬಳ್ಳಿ ಹೋಗಿ ಬೋಳಾದ ಹಳೆಯ ಕಿಟಕಿಯತ್ತ ಬಗ್ಗಿದ. "ಇಲ್ಲೂ ಮೂರಿದೆಯಲ್ಲ, ಭಾವ?"

ಟೈಲರ್ ಎದ್ದು ಹೋದ. ಹರಿದ ಬೇರುಗಳ ನಡುವೆ ಮೂರು ಗೀರು. ಪಕ್ಕದ ಕಿಟಕಿಗೂ ಮೂರು. ಹಿಂದೆ ತಿರುಗಿದಾಗ ಮೇಸ್ತ್ರಿ ನೆಲ ನೋಡುತ್ತಿದ್ದ.

"ಆಮೇಲೊಂದಿನ ನೀವು ಬಟ್ಟೆ ತರೋಕೆ ಪೇಟೆಗೆ ಹೋಗಿದ್ರಿ," ಎಂದ ಮೇಸ್ತ್ರಿ. "ಅಕ್ಕಾವ್ರು ಹೇಳಿಕಳಿಸಿದ್ರು. ನಿಮ್ಮ ಕಿಟಕೀದು ಅಳಿಸೋಕೆ ಇರಬೇಕು ಅಂತ ಬಂದೆ. ಅವರು ಹಳೇದನ್ನ ತೋರಿಸಿದ್ರು. 'ಅವರದ್ದು ಹಾಗೇ ಇರಲಿ. ಇದಕ್ಕೆ ಇನ್ನೊಂದು ಕೊರಿ' ಅಂದ್ರು."

"ಮತ್ತೆ ಈ ಬಳ್ಳಿ?"

"ನಿಮಗೆ ಕಾಣದಿರಲಿ ಅಂತ. 'ಗೆದ್ದೆ ಅಂತ ಹಿಗ್ಗಿದಾರೆ ಪಾಪ, ಹಿಗ್ಗಲಿ' ಅಂತ ನಗ್ತಿದ್ರು."

ಹೆಂಡತಿಯ ತಮ್ಮ ಕತ್ತರಿಯನ್ನು ವಾಪಸು ಚಾಚಿದ. ಅಲಗಿನ ತುಂಬ ಹಸಿರು ರಸ ಅಂಟಿತ್ತು. ಟೈಲರ್ ಅದನ್ನು ತೆಗೆದುಕೊಳ್ಳಲಿಲ್ಲ.

ಗೇಟಿನಲ್ಲಿ ಒಬ್ಬ ಹೆಂಗಸು ಅನುಮಾನಿಸುತ್ತ ನಿಂತಳು. "ಪೋಸ್ಟ್ ಮಾಸ್ಟರ್ ಮನೆ ಇದೇನಾ?"

ಅಂಗಳದವರೆಲ್ಲ ಟೈಲರ್ ಮುಖ ನೋಡಿದರು.

"ಹೌದಮ್ಮ, ಇದೇ," ಎಂದ ಅವನು. "ಒಳಗೆ ಬನ್ನಿ."

ಅವನ ಬೆರಳು ಹಳೆಯ ಕಿಟಕಿಯ ಮೂರನೆಯ ಗೀರಿನಲ್ಲೇ ಇತ್ತು. ಉಳಿದೆರಡಕ್ಕಿಂತ ಅದು ಸ್ವಲ್ಪ ಆಳ ಕಡಿಮೆ. ಅದರೊಳಗೆ ಬಳ್ಳಿಯ ಬೇರೊಂದು ಇನ್ನೂ ಹಸಿಯಾಗಿ ಕಚ್ಚಿಕೊಂಡಿತ್ತು.